ಹಂಗಾಮಿ ಸಹಿ

ಪ್ರಧಾನಿಯನ್ನು ವಜಾ ಮಾಡಿದ ಸುದ್ದಿ ಆ ಪುಟ್ಟ ರಾಯಭಾರ ಕಚೇರಿಗೆ ಬಂದದ್ದು ಒಂದು ಸೋಮವಾರ ಬೆಳಗ್ಗೆ, ಮಾರ್ಟಿನಾ ಪಾಯ್ಸ್ ಕೈಚೀಲವನ್ನು ಮೇಜಿನ ಮೇಲೆ ಇಡುವ ಮೊದಲೇ. ಫ್ಯಾಕ್ಸ್ ಯಂತ್ರ ಎರಡು ಹಾಳೆ ಉಗುಳಿ ಸುಮ್ಮನಾಗಿತ್ತು. ಅಧ್ಯಕ್ಷರು ಪ್ರಧಾನಿಯನ್ನು ಕಿತ್ತುಹಾಕಿದ್ದಾರೆ. ಇಪ್ಪತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡದೆ ಜಗಳಾಡಿದ ಎರಡು ಪಕ್ಷಗಳು ಸೇರಿ ಹಂಗಾಮಿ ಸರಕಾರ ಮಾಡಿಕೊಂಡಿವೆ. ಚುನಾವಣೆ ಮುಗಿಯುವ ತನಕ ಎಲ್ಲರೂ ಇರುವ ಜಾಗದಲ್ಲೇ ಇದ್ದು ಕೆಲಸ ಮುಂದುವರಿಸಬೇಕು.

ಮಾರ್ಟಿನಾ ಹಾಳೆಗಳನ್ನು ಎರಡು ಸಲ ಓದಿ ರಾಯಭಾರಿಯ ಟ್ರೇಯಲ್ಲಿಟ್ಟಳು. ಅದೇ ಟ್ರೇಯಲ್ಲಿ ಅವಳ ಸ್ವಂತ ಕಾಗದವೂ ಒಂದಿತ್ತು. ಗುರುವಾರ ಅವಳೇ ಟೈಪು ಮಾಡಿಟ್ಟದ್ದು, ಇನ್ನೂ ಸಹಿಯಾಗಿರಲಿಲ್ಲ.

ಆ ದೇಶ ಅವಳದಲ್ಲ. ಶಾಂತಸಾಗರದಲ್ಲಿ ಎಲ್ಲೋ ಚೆಲ್ಲಿಬಿದ್ದ ಹಾಗಿರುವ ಒಂದಷ್ಟು ದ್ವೀಪಗಳು, ಅಷ್ಟೆ. ಹೆಸರು ಹೇಳಿದರೆ ಅಬುಧಾಬಿಯ ಟ್ಯಾಕ್ಸಿಯವರು ಹೋಟೆಲಿನ ಹೆಸರೆಂದು ತಿಳಿಯುತ್ತಿದ್ದರು. ಆ ಊರಿನ ಮುಶ್ರಿಫ್ ಬಡಾವಣೆಯ ಹಳೆಯ ವಿಲ್ಲಾ ಒಂದರ ಕೆಳಮಹಡಿಯಲ್ಲಿ ಅದರ ಕಚೇರಿ. ಶಿರ್ವದ ಮಾರ್ಟಿನಾ ಅಲ್ಲಿ ಒಂಬತ್ತು ವರ್ಷದಿಂದ ಕಾರ್ಯದರ್ಶಿ. ಕಾರ್ಕಳದ ಜಯಪಾಲ ಡ್ರೈವರು. ದ್ವೀಪದಿಂದ ಬಂದವರು ಇಬ್ಬರೇ ಇದ್ದರು, ರಾಯಭಾರಿ ಅಲೆಕ್ಸಾಂಡರ್ ಮತ್ತು ಒಬ್ಬ ಕಿರಿಯ ಅಧಿಕಾರಿ. ಆ ಕಿರಿಯವನನ್ನು ಹಿಂದಿನ ವರ್ಷವೇ ವಾಪಸು ಕರೆಸಿಕೊಂಡು, ಬದಲಿಗೆ ಯಾರನ್ನೂ ಕಳಿಸಿರಲಿಲ್ಲ.

ಟ್ರೇಯಲ್ಲಿದ್ದ ಅವಳ ಕಾಗದ ಬಿಡುಗಡೆಯದು. ಗಂಡ ಲಿಯೋ ರುವೈಸ್‌ನ ರಿಫೈನರಿಯಲ್ಲಿ ತಂತ್ರಜ್ಞ. ಅವಳು ಮಗಳು ಜೆಸ್ಸಿಕಾಳನ್ನು ಕಟ್ಟಿಕೊಂಡು ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ. ನಡುವೆ ಇನ್ನೂರೈವತ್ತು ಕಿಲೋಮೀಟರ್ ಮರಳು. ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಗುರುವಾರ ಸಂಜೆ ಲಿಯೋ ಬರುವುದು, ಶನಿವಾರ ಸಂಜೆ ಹೋಗುವುದು. ಹನ್ನೊಂದು ವರ್ಷ ಹೀಗೇ ಕಳೆದಿತ್ತು. ಈಗ ಲಿಯೋನ ಕಂಪನಿಯ ಆಸ್ಪತ್ರೆಯಲ್ಲೇ ದಾಖಲೆ ವಿಭಾಗದಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಗಂಡ ಹೆಂಡತಿ ಇಬ್ಬರೂ ಕಂಪನಿಯವರಾದರೆ ಫ್ಯಾಮಿಲಿ ಕ್ವಾರ್ಟರ್ಸ್ ಸಿಗುತ್ತದೆ. ಏಪ್ರಿಲ್ ಒಂದಕ್ಕೆ ಸೇರಬೇಕು. ಅದಕ್ಕೆ ಮೊದಲು ರಾಯಭಾರ ಕಚೇರಿ ಅವಳ ವೀಸಾ ರದ್ದು ಮಾಡಿ ಬಿಟ್ಟುಕೊಡಬೇಕು. ಬೇಕಾದದ್ದು ಒಂದು ಸಹಿ, ಒಂದು ಸೀಲು.

ಆ ಸೋಮವಾರವೂ ಮಾರ್ಟಿನಾ ಕೇಳಲಿಲ್ಲ. ಅಲೆಕ್ಸಾಂಡರ್ ಆವತ್ತು ಬಾಗಿಲು ಹಾಕಿಕೊಂಡು ಫೋನಿನಲ್ಲೇ ಇದ್ದರು. ವಜಾ ಆದ ಪ್ರಧಾನಿಯೇ ಅವರನ್ನು ಇಲ್ಲಿಗೆ ಕಳಿಸಿದ್ದು. ಅವರ ಮುಖ ನೋಡಿದರೆ ಕಾಗದ ಮುಂದೆ ಹಿಡಿಯಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಮಂಗಳವಾರ ಕೇಳಿದಳು.

"ನಾಳೆ ಮಾಡೋಣ, ಮಾರ್ಟಿನಾ," ಎಂದರು ಅವರು. "ನಿನ್ನನ್ನು ಬಿಡಲು ನನಗೆ ಮನಸ್ಸಿಲ್ಲ, ಆದರೆ ತಡೆಯುವುದಿಲ್ಲ."

ನಾಳೆ ಎಂಬುದು ಒಂದು ವಾರ ಎಳೆಯಿತು. ಮುಂದಿನ ಗುರುವಾರ ಬೆಳಗ್ಗೆ ಇನ್ನೊಂದು ಫ್ಯಾಕ್ಸ್ ಬಂತು. ರಾಯಭಾರಿಯನ್ನು ತಕ್ಷಣದಿಂದ ಹಿಂದಕ್ಕೆ ಕರೆಸಿಕೊಳ್ಳಲಾಗಿದೆ. ಅದರ ಪ್ರತಿ ನೇರವಾಗಿ ಇಲ್ಲಿನ ವಿದೇಶಾಂಗ ಇಲಾಖೆಗೂ ಹೋಗಿತ್ತು. ಅವಳು ಟ್ರೇಯಿಂದ ತನ್ನ ಕಾಗದ ತೆಗೆದು ಓಡುವ ಹಾಗೆ ಅವರ ಕೋಣೆಗೆ ಹೋದಳು. ಅಲೆಕ್ಸಾಂಡರ್ ಪೆನ್ನು ಎತ್ತಿಕೊಂಡವರು ಮತ್ತೆ ಕೆಳಗಿಟ್ಟರು.

"ಇವತ್ತು ಬೆಳಗ್ಗೆ ಎಂಟರಿಂದ ನನ್ನ ಸಹಿಗೆ ಬೆಲೆಯಿಲ್ಲ. ಹಿಂದಿನ ತಾರೀಕು ಹಾಕಿ ಕೊಟ್ಟರೆ ನಿನ್ನನ್ನೂ ಹಿಡಿಯುತ್ತಾರೆ, ನನ್ನನ್ನೂ ಹಿಡಿಯುತ್ತಾರೆ. ಅಲ್ಲಿ ನನ್ನ ಒಂದು ತಪ್ಪಿಗಾಗಿ ಎರಡು ಪಕ್ಷದವರೂ ಕಾದು ಕೂತಿದ್ದಾರೆ."

ನಾಲ್ಕು ದಿನದಲ್ಲಿ ಅವರು ಹೊರಟುಹೋದರು. ಹೋಗುವ ಮೊದಲು ಸೀಲನ್ನು ಲಕೋಟೆಯಲ್ಲಿಟ್ಟು ಅರಗು ಹಾಕಿ ಅವಳ ಕೈಗೆ ಕೊಟ್ಟರು. ಕಚೇರಿಯ ಬೀಗದಕೈ, ಖಾಲಿ ಪ್ರಯಾಣ ಪತ್ರಗಳಿದ್ದ ತಿಜೋರಿಯ ಬೀಗದಕೈ ಎರಡನ್ನೂ ಕೊಟ್ಟರು. "ಹೊಸಬರು ಬರುವ ತನಕ ನೋಡಿಕೋ," ಎಂದರು. ಯಾವಾಗ ಬರುತ್ತಾರೆ ಎಂದು ಅವಳು ಕೇಳಲಿಲ್ಲ. ಅದು ಅವರಿಗೆ ಗೊತ್ತಿಲ್ಲವೆಂಬುದು ಇಬ್ಬರಿಗೂ ಗೊತ್ತಿತ್ತು.

ಆಮೇಲೆ ಬೆಳಗಿನ ಫೋನುಗಳು ಶುರುವಾದವು. ಇಲ್ಲಿನ ಬೆಳಗಿನ ಆರು ಗಂಟೆಗೆ ದ್ವೀಪದಲ್ಲಿ ಮಧ್ಯಾಹ್ನ. ಜೆಸ್ಸಿಕಾ ಏಳುವ ಮೊದಲು ಮಾರ್ಟಿನಾ ಅಡುಗೆಮನೆಯಲ್ಲಿ ನಿಂತು ಆ ದೇಶದ ವಿದೇಶಾಂಗ ಕಚೇರಿಗೆ ಕರೆ ಮಾಡುತ್ತಿದ್ದಳು. ಅಲ್ಲಿ ಫೋನೆತ್ತುತ್ತಿದ್ದವನು ಫಿಡೆಲಿಸ್ ಎಂಬ ಅಧಿಕಾರಿ. ಮೆತ್ತಗಿನ ದನಿ, ತಾಳ್ಮೆಯ ಮನುಷ್ಯ. ಆದರೆ ಅವನ ಕೈಯಲ್ಲಿ ಏನೂ ಇರಲಿಲ್ಲ.

"ಮಂತ್ರಿ ಒಂದು ಪಕ್ಷದವರು, ಉಪಮಂತ್ರಿ ಇನ್ನೊಂದು ಪಕ್ಷದವರು," ಎಂದು ಅವನು ವಿವರಿಸಿದ. "ನೇಮಕವಾಗಬೇಕಾದರೆ ಇಬ್ಬರ ಸಹಿ ಬೇಕು. ಅಬುಧಾಬಿಗೆ ಇವರ ಜನ ಹೋಗಬೇಕೆಂದು ಇವರು, ಅವರ ಜನ ಹೋಗಬೇಕೆಂದು ಅವರು. ಈ ನಡುವೆ ಹಂಗಾಮಿ ಸರಕಾರ ಹೊಸ ನೇಮಕ ಮಾಡುವಂತಿಲ್ಲ ಎಂದು ಕೋರ್ಟಿನಲ್ಲಿ ಒಂದು ಅರ್ಜಿ ಬಿದ್ದಿದೆ."

"ನನ್ನ ಒಂದು ಕಾಗದಕ್ಕೆ ಅಲ್ಲಿಂದ ಯಾರಾದರೂ ಸಹಿ ಮಾಡಿ ಕಳಿಸಲಿಕ್ಕೆ ಆಗುವುದಿಲ್ಲವಾ?"

"ಸಹಿಯ ಮಾದರಿ ನಿಮ್ಮ ಕಡೆಯ ಇಲಾಖೆಯಲ್ಲಿ ದಾಖಲಾಗಿರಬೇಕಲ್ಲ, ಮೇಡಂ. ಈಗ ಯಾರದ್ದೂ ಇಲ್ಲ."

ದಿನ ಹೋಗುತ್ತ ಅದೇ ಮಾತು ಬೇರೆ ಬೇರೆ ವಾಕ್ಯಗಳಲ್ಲಿ ಬರತೊಡಗಿತು. ರುವೈಸ್‌ನಿಂದ ಲಿಯೋ ದಿನಾ ಸಂಜೆ ಫೋನು ಮಾಡಿ "ಆಯಿತಾ?" ಎಂದು ಕೇಳುವನು. ಅವಳು "ಇಲ್ಲ" ಎನ್ನುವಳು. ಕಚೇರಿಗೆ ಹೋದರೆ ಅಲ್ಲಿ ಮಾಡುವುದೇನೂ ಇರಲಿಲ್ಲ. ಬಾಗಿಲಲ್ಲಿ 'ಸೇವೆಗಳು ತಾತ್ಕಾಲಿಕವಾಗಿ ಸ್ಥಗಿತ' ಎಂಬ ಕಾಗದ. ಒಳಗೆ ಅವಳು ಮತ್ತು ಜಯಪಾಲ. ಬಾರದ ಅತಿಥಿಗಳಿಗಾಗಿ ಎಸಿ ಓಡುತ್ತಿತ್ತು. ಹೊರಗೆ ಹೋಗಲೂ ಅವಳಿಗೆ ಭಯ. ತಾನಿಲ್ಲದಾಗ ಫೋನು ಬಂದರೆ?

ಫೆಬ್ರವರಿ ಕೊನೆಯಲ್ಲಿ ಒಂದು ದಿನ ಆ ಹುಡುಗಿ ಬಂದಳು. ಹೆಸರು ಲೂರ್ದ್, ದ್ವೀಪದವಳು. ಕಚೇರಿಗಳನ್ನು ಗುಡಿಸಿ ಒರೆಸುವ ಕಂಪನಿಯೊಂದರಲ್ಲಿ ಕೆಲಸ. ಮುಸಫ್ಫಾದ ಲೇಡೀಸ್ ಕ್ಯಾಂಪಿನಲ್ಲಿ ಎಂಟು ಜನರ ಕೋಣೆಯಲ್ಲಿ ವಾಸ. ಪಾಸ್‌ಪೋರ್ಟಿನ ಅವಧಿ ಮುಗಿದಿತ್ತು. ಊರಿಗೆ ಹೋಗಲು ಒಂದು ತುರ್ತು ಪ್ರಯಾಣ ಪತ್ರ ಬೇಕು.

"ಈಗ ಏನೂ ಕೊಡುವಂತಿಲ್ಲ," ಎಂದು ಮಾರ್ಟಿನಾ ಹೇಳಿದಳು. "ನಮ್ಮಲ್ಲಿ ಸಹಿ ಮಾಡುವವರೇ ಇಲ್ಲ. ಚುನಾವಣೆ ಆಗಲಿ."

ಹುಡುಗಿ ಎದ್ದು ಹೋದಳು. ನಾಲ್ಕು ದಿನ ಬಿಟ್ಟು ಮತ್ತೆ ಬಂದಳು. ಆ ಸೆಖೆಗೂ ಮೈಮೇಲೆ ದೊಡ್ಡ ಜಾಕೆಟ್ಟು. ಅದೇ ಉತ್ತರ ಸಿಕ್ಕಿತು. ಅವಳು ಹೋಗಲಿಲ್ಲ, ವರಾಂಡದ ಕುರ್ಚಿಯಲ್ಲಿ ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು.

ಜಯಪಾಲ ಒಳಗೆ ಬಂದು ಬಾಗಿಲು ಎಳೆದುಕೊಂಡ. "ಬಾಯಮ್ಮ, ಒಂದು ಮಾತು ಹೇಳ್ತೇನೆ. ಆ ಹುಡುಗಿ ಬಸುರಿ."

"ಹೇಗೆ ಗೊತ್ತು ನಿಮಗೆ?"

"ಮೂರು ಮಕ್ಕಳ ಅಪ್ಪ ನಾನು. ಕೂತ್ಕೊಳ್ಳುವಾಗ ಕುರ್ಚಿಯ ಕೈ ಹಿಡ್ಕೊಂಡು ಕೂತ್ಕೊಂಡ್ಳು, ಏಳುವಾಗ ಸೊಂಟಕ್ಕೆ ಕೈ. ಅದು ಗೊತ್ತಾಗುದಿಲ್ವಾ? ಬೆರಳಲ್ಲಿ ಉಂಗುರ ಇಲ್ಲ ಮತ್ತೆ."

ಮಾರ್ಟಿನಾ ಹುಡುಗಿಯನ್ನು ಒಳಗೆ ಕರೆದಳು, ಚಹಾ ಮಾಡಿ ಕೊಟ್ಟಳು. ಕೇಳುವ ಮೊದಲೇ ಲೂರ್ದ್ ಹೇಳಿದಳು. ಐದು ತಿಂಗಳು ತುಂಬಿದೆ. ಮದುವೆಯಾಗಿಲ್ಲ. ಇಲ್ಲಿ ಡಾಕ್ಟರ ಹತ್ತಿರ ಹೋದರೆ ಮೊದಲು ಕೇಳುವುದೇ ಮದುವೆ ಪತ್ರ. ಇಲ್ಲವೆಂದರೆ ಪೊಲೀಸು, ಆಮೇಲೆ ಜೈಲು. ಹೆರಿಗೆಯೂ ಜೈಲಿನಲ್ಲೇ. ಕ್ಯಾಂಪಿನಲ್ಲಿ ಇನ್ನೂ ಯಾರಿಗೂ ತಿಳಿದಿಲ್ಲ, ಆದರೆ ಒಂದೇ ಬಚ್ಚಲು, ಎಷ್ಟು ದಿನ ಮುಚ್ಚಿಡಲಿಕ್ಕಾಗುತ್ತದೆ? ಅವಳ ಕರಾರು ಮುಗಿದಿದೆ. ಕಂಪನಿಯವರು ಪಾಸ್‌ಪೋರ್ಟ್ ತಂದುಕೊಡು, ಖಲಾಸ್, ವೀಸಾ ರದ್ದು ಮಾಡಿ ಟಿಕೆಟ್ ಕೊಡುತ್ತೇವೆ ಎನ್ನುತ್ತಾರೆ. ಎಂಟನೇ ತಿಂಗಳಾದರೆ ವಿಮಾನದವರೂ ಹತ್ತಿಸಿಕೊಳ್ಳುವುದಿಲ್ಲ.

ಮಗುವಿನ ಅಪ್ಪ ಯಾರೆಂದು ಮಾರ್ಟಿನಾ ಕೇಳಲಿಲ್ಲ. "ಭಾನುವಾರ ಫೋನು ಮಾಡು," ಎಂದಷ್ಟೇ ಹೇಳಿ ಕಳಿಸಿದಳು.

ಅಂದು ಮಧ್ಯಾಹ್ನ ಜಯಪಾಲ ಊಟಕ್ಕೆ ಹೋದಾಗ ಅವಳು ತಿಜೋರಿ ತೆರೆದಳು. ಖಾಲಿ ಪ್ರಯಾಣ ಪತ್ರಗಳು ಹೊಸದಾಗಿ, ಅಂಟಿನ ವಾಸನೆಯೊಡನೆ ಅಲ್ಲೇ ಇದ್ದವು. ಅರಗು ಹಾಕಿದ ಲಕೋಟೆ ಪಕ್ಕದಲ್ಲಿ. ಒಂಬತ್ತು ವರ್ಷ ಅಲೆಕ್ಸಾಂಡರರ ಕಾಗದಗಳನ್ನು ನೋಡಿದವಳು ಅವಳು. ಒಂದು ಬಿಳಿ ಹಾಳೆ ತೆಗೆದು ಅವರ ಸಹಿ ಹಾಕಿ ನೋಡಿದಳು. ಮೊದಲನೆಯದು ಸರಿಯಾಗಲಿಲ್ಲ. ಮೂರನೆಯದು ಸರಿಹೋಯಿತು. ಅವರೇ ಬಂದು ನೋಡಿದರೂ ತಮ್ಮದೆನ್ನುವಂತಿತ್ತು. ಹಳೆಯ ತಾರೀಕು ಹಾಕಿದರೆ ಆಯಿತು. ಲೂರ್ದ್‌ಳದು ಒಂದು. ಜೊತೆಗೆ ತನ್ನದೂ ಒಂದು.

ಆ ಎರಡನೆಯ ಯೋಚನೆ ಬಂದ ಮೇಲೆ ಅವಳಿಗೆ ಕೂರಲಾಗಲಿಲ್ಲ. ಹಾಳೆಯನ್ನು ಚೂರು ಚೂರು ಮಾಡಿ ಟಾಯ್ಲೆಟ್ಟಿಗೆ ಹಾಕಿ ನೀರು ಬಿಟ್ಟಳು. ತಿಜೋರಿಗೆ ಬೀಗ ಹಾಕಿ ಎರಡು ಸಲ ಜಗ್ಗಿ ನೋಡಿದಳು.

ಮರುದಿನ ಅವಳು ವಿದೇಶಾಂಗ ಇಲಾಖೆಯ ಪ್ರೋಟೋಕಾಲ್ ಕೌಂಟರಿಗೆ ಹೋದಳು. ಅಲ್ಲಿನ ಜುಬೈದ ಅವಳಿಗೆ ಹಲವು ವರ್ಷದ ಪರಿಚಯ. ಸ್ಥಳೀಯ ಹೆಂಗಸು, ಕಪ್ಪು ಅಬಾಯದೊಳಗೆ ಅಚ್ಚುಕಟ್ಟು ಮಾತು. ಮಾರ್ಟಿನಾ ಹುಡುಗಿಯ ವಿಷಯ ಬಾಯಿಬಿಡಲಿಲ್ಲ. ಪ್ರಯಾಣ ಪತ್ರ ಬೇಕಾದ ಕೆಲವರಿದ್ದಾರೆ, ಏನು ಮಾಡುವುದು ಎಂದಷ್ಟೇ ಕೇಳಿದಳು.

ಜುಬೈದ ಒಂದು ಫೈಲು ತೆಗೆದು ಬೆರಳಾಡಿಸಿದಳು. "ಒಂದು ದಾರಿಯಿದೆ. ರಾಜತಾಂತ್ರಿಕರು ಯಾರೂ ಇಲ್ಲದಾಗ ಕಚೇರಿಯ ಸಿಬ್ಬಂದಿಯಲ್ಲೇ ಒಬ್ಬರನ್ನು ಆಡಳಿತದ ಕೆಲಸಕ್ಕೆ ಹಂಗಾಮಿ ಉಸ್ತುವಾರಿ ಎಂದು ನಿಮ್ಮ ಸರಕಾರ ಹೆಸರಿಸಬಹುದು. ನಾವು ಒಪ್ಪಿದರೆ ಅವರ ಸಹಿ ನಡೆಯುತ್ತದೆ. ಸಿಬ್ಬಂದಿ ಯಾರಿದ್ದಾರೆ?"

"ನಾನು. ಒಬ್ಬ ಡ್ರೈವರು."

"ಹಾಗಾದರೆ ನೀವು." ಜುಬೈದ ಫೈಲು ಮುಚ್ಚಿದಳು. "ಆದರೆ ಒಂದು ತಿಳಿದಿರಲಿ. ಉಸ್ತುವಾರಿ ನಿಮ್ಮ ಹೆಸರಿಗೆ ಬಂದ ಮೇಲೆ, ಇನ್ನೊಬ್ಬರು ಬಂದು ವಹಿಸಿಕೊಳ್ಳುವ ತನಕ ನಿಮ್ಮ ವೀಸಾ ರದ್ದಾಗುವುದಿಲ್ಲ. ನಿಮ್ಮ ಬಿಡುಗಡೆಗೆ ನೀವೇ ಸಹಿ ಹಾಕಲೂ ಆಗುವುದಿಲ್ಲ."

ಮಾರ್ಟಿನಾ ತಲೆಯಾಡಿಸಿದಳು. ಹೊರಗೆ ಬಂದು ಕಾರಿನಲ್ಲಿ ಕೂತಳು.

ಎರಡು ದಿನ ಅವಳು ಫಿಡೆಲಿಸನಿಗೆ ಫೋನು ಮಾಡಲಿಲ್ಲ. ಮೂರನೆಯ ದಿನ, ಬುಧವಾರ, ಮಾಡಿ ಜುಬೈದ ಹೇಳಿದ ದಾರಿಯನ್ನು ತಿಳಿಸಿದಳು. ತಿಂಗಳಿಡೀ ಆಗದ್ದು ಅಂದು ಎರಡು ಗಂಟೆಯಲ್ಲಿ ಆಯಿತು. ಅವನೇ ತಿರುಗಿ ಕರೆ ಮಾಡಿದ. ದನಿಯಲ್ಲಿ ಆಶ್ಚರ್ಯ.

"ಮಂತ್ರಿ, ಉಪಮಂತ್ರಿ ಇಬ್ಬರೂ ಒಪ್ಪಿದರು, ಮೇಡಂ. ನೀವು ಈ ಪಕ್ಷದವರೂ ಅಲ್ಲ, ಆ ಪಕ್ಷದವರೂ ಅಲ್ಲ, ನಮ್ಮ ದೇಶದವರೇ ಅಲ್ಲ. ಇಬ್ಬರಿಗೂ ಅದೇ ಸಮಾಧಾನ. ಭಾನುವಾರ ಪತ್ರ ಕಳಿಸುತ್ತೇವೆ. ನಿಮ್ಮ ಒಪ್ಪಿಗೆ ಇದೆ ತಾನೆ?"

"ಇದೆ," ಎಂದಳು ಮಾರ್ಟಿನಾ.

ಗುರುವಾರ ಸಂಜೆ ಲಿಯೋ ಬಂದಾಗ ಅವನ ಕೈಯಲ್ಲಿ ಫೋನು. ಬೂಟು ಬಿಚ್ಚುವ ಮೊದಲೇ ಕ್ವಾರ್ಟರ್ಸಿನ ಫೋಟೋ ತೋರಿಸಿದ. ಎರಡು ಬೆಡ್‌ರೂಮು, ಜೆಸ್ಸಿಕಾಳ ಕೋಣೆಯ ಕಿಟಕಿಯಿಂದ ಸಮುದ್ರ. ಅವರು ಮನೆಯಲ್ಲಿ ಕೊಂಕಣಿಯಲ್ಲೇ ಮಾತಾಡುವುದು.

"ಪರದೆಗೆ ಅಳತೆ ತಕ್ಕೊಂಡು ಬಂದಿದ್ದೇನೆ," ಎಂದ. "ಸ್ಕೂಲಿನಲ್ಲಿಯೂ ಸೀಟು ಉಂಟಂತೆ. ನಿನ್ನದು ಎಂತ ಆಯಿತು?"

ಅವಳು ಎಲ್ಲವನ್ನೂ ಹೇಳಿದಳು. ಹುಡುಗಿಯ ವಿಷಯ, ಜುಬೈದ ಹೇಳಿದ್ದು, ತಾನು ಒಪ್ಪಿದ್ದು. ಲಿಯೋ ಕೇಳುತ್ತಿದ್ದ ಹಾಗೆ ಕೈಯಲ್ಲಿದ್ದ ಫೋನಿನ ಪರದೆ ತಾನಾಗಿಯೇ ಆರಿತು.

"ಒಪ್ಪುವ ಮೊದಲು ನನ್ನ ಹತ್ರ ಕೇಳಬಹುದಿತ್ತಲ್ಲ ನೀನು."

"ಕೇಳಿದ್ದರೆ ನೀನು ಬೇಡ ಅಂತಿದ್ದೆ."

"ಹೌದು, ಬೇಡ ಅಂತಿದ್ದೆ," ಎಂದ ಲಿಯೋ. "ಹನ್ನೊಂದು ವರ್ಷ, ಮಾರ್ಟಿನಾ. ಕಂಪನಿಯ ಕ್ಯಾಂಪಿನ ಕೋಣೆಯಲ್ಲಿ ನನ್ನ ಜೊತೆ ಇರುವವನು ಏಳನೆಯವನು. ಬರುತ್ತಾರೆ, ಹೋಗುತ್ತಾರೆ, ನಾನು ಅಲ್ಲೇ. ನಿನಗೆ ಆ ಹುಡುಗಿ ಎಂತ ಆಗಬೇಕು?"

"ಏನೂ ಆಗಬೇಕಾಗಿಲ್ಲ."

"ಮತ್ತೆ?"

"ಬೇರೆ ಯಾರೂ ಇಲ್ಲ, ಲಿಯೋ. ಇದ್ದಿದ್ದರೆ ನಾನು ಮೈಮೇಲೆ ಹಾಕಿಕೊಳ್ಳುತ್ತಿರಲಿಲ್ಲ."

ಜೆಸ್ಸಿಕಾ ಬಾಗಿಲಲ್ಲಿ ನಿಂತಿದ್ದಳು. "ಸೋ ವಿ ಆರ್ ನಾಟ್ ಗೋಯಿಂಗ್?" ಎಂದಳು. ಲಿಯೋ ಬಗ್ಗಿ ಬೂಟು ಬಿಚ್ಚತೊಡಗಿದ. ಅವಳು ಒಳಗೆ ಹೋಗಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡಳು.

"ಈಗ ಬೇಡ ಹೇಳಲಿಕ್ಕೆ ಆಗುದಿಲ್ವಾ?" ಲಿಯೋ ಕೇಳಿದ.

"ಆಗ್ತದೆ. ಭಾನುವಾರದ ತನಕ."

ಮರುದಿನ ಶುಕ್ರವಾರ, ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಪೂಜೆ. ಇಗರ್ಜಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಪೂಜೆ ಮುಗಿದು ಹೊರಗೆ ಬರುವಾಗ ಲೂರ್ದ್ ಹಿಂದಿನ ಗೋಡೆಗೆ ಒರಗಿ ನಿಂತಿರುವುದು ಮಾರ್ಟಿನಾಳಿಗೆ ಕಂಡಿತು. ಅದೇ ಜಾಕೆಟ್ಟು. ಜನ ಉಜ್ಜಿಕೊಂಡು ಹೋಗುವಾಗಲೆಲ್ಲ ಕೈಚೀಲವನ್ನು ಹೊಟ್ಟೆಗೆ ಅಡ್ಡ ಹಿಡಿಯುತ್ತಿದ್ದಳು. ಮಾರ್ಟಿನಾಳನ್ನು ಕಂಡರೂ ಹತ್ತಿರ ಬರಲಿಲ್ಲ. ತನ್ನೊಡನೆ ಮಾತಾಡುವುದನ್ನು ಯಾರಾದರೂ ನೋಡಿದರೆ ಮಾರ್ಟಿನಾಳಿಗೂ ತೊಂದರೆಯಾದೀತೆಂದು ಮುಖ ಬೇರೆ ಕಡೆ ತಿರುಗಿಸಿಕೊಂಡಳು.

 ಲಿಯೋನೂ ಅದನ್ನು ನೋಡಿದ್ದ. ಬಸ್ ಸ್ಟಾಪಿಗೆ ಬಂದ ಮೇಲೆ ಕೇಳಿದ, "ಅದೇ ಹುಡುಗಿಯಾ?"

"ಹೌದು."

"ನಮ್ಮ ಜೆಸ್ಸಿಕಾಳಿಂದ ಎಂಟು ವರ್ಷ ದೊಡ್ಡವಳಿರಬಹುದು."

"ಒಂಬತ್ತು."

ಶನಿವಾರ ಸಂಜೆ ಹೊರಡುವಾಗ ಅವನು ಬ್ಯಾಗು ಹೆಗಲಿಗೇರಿಸಿ ಬಾಗಿಲಲ್ಲಿ ನಿಂತ. "ಸಹಿ ಮಾಡು," ಎಂದ. "ಖುಷಿಯಲ್ಲಿ ಹೇಳುದಲ್ಲ ನಾನು. ಮುಂದಿನ ವಾರ ನಾನು ಬರುದಿಲ್ಲ, ನನಗೆ ಸ್ವಲ್ಪ ಸಮಯ ಬೇಕು." ಎರಡು ವಾರ ಅವನು ಬರಲಿಲ್ಲ.

ಭಾನುವಾರ ಪತ್ರ ಬಂತು. ಗುರುವಾರ ಇಲಾಖೆಯ ಒಪ್ಪಿಗೆಯೂ ಬಂತು. ಮಾರ್ಟಿನಾ ಕೌಂಟರಿನಲ್ಲಿ ನಿಂತು ಮಾದರಿ ಪತ್ರದ ಮೇಲೆ ತನ್ನ ಸಹಿಯನ್ನು ಮೂರು ಕಡೆ ಹಾಕಿದಳು. ಕಚೇರಿಗೆ ಬಂದು ಅರಗು ಒಡೆದು ಸೀಲು ತೆಗೆದಳು. ಮೊದಲು ಬರೆದದ್ದು ಲೂರ್ದ್‌ಳ ಪತ್ರ. ಫೋಟೋ ಅಂಟಿಸಿ, ಸಹಿ ಮಾಡಿ, ಸೀಲು ಒತ್ತಿದಳು.

ಕಂಪನಿಯವರು ವೀಸಾ ರದ್ದು ಮಾಡಿ ಟಿಕೆಟ್ ಕೊಡಲು ಇನ್ನೂ ಹನ್ನೆರಡು ದಿನ ತೆಗೆದುಕೊಂಡರು. ಆ ಹನ್ನೆರಡು ದಿನದಲ್ಲಿ ಫೋನು ಬಾರಿಸಿದರೆ ಸಾಕು, ಕ್ಯಾಂಪಿನಲ್ಲಿ ಗೊತ್ತಾಯಿತೇನೋ ಎಂದು ಮಾರ್ಟಿನಾ ಕೈಯಲ್ಲಿದ್ದದ್ದನ್ನು ಬಿಟ್ಟು ಓಡುತ್ತಿದ್ದಳು. ಹೊರಡುವ ದಿನ ಅವಳೂ ಜಯಪಾಲನೂ ಕಚೇರಿಯ ಕಾರಿನಲ್ಲಿ ಹುಡುಗಿಯನ್ನು ಮುಸಫ್ಫಾದಿಂದ ಕರೆದುಕೊಂಡು ಹೋದರು.  ಲೂರ್ದ್ ಜಾಕೆಟ್ಟಿನ ಜಿಪ್ಪನ್ನು ಗಂಟಲ ತನಕ ಎಳೆದುಕೊಂಡಿದ್ದಳು.

ವಿಮಾನ ನಿಲ್ದಾಣದಲ್ಲಿ ಗಾಜಿನ ಈಚೆಗೆ ನಿಂತು ಮಾರ್ಟಿನಾ ನೋಡುತ್ತಿದ್ದಳು. ಇಮಿಗ್ರೇಷನ್ನಿನ ಪೊಲೀಸ್ ಆ ಪತ್ರವನ್ನು ತಿರುವಿ ನೋಡಿದ. ಇನ್ನೊಬ್ಬನನ್ನು ಕರೆದ. ಇಬ್ಬರೂ ಕೂಡಿ ನೋಡಿದರು. ಒಬ್ಬ ಫೋನು ಎತ್ತಿಕೊಂಡ. ಲೂರ್ದ್ ಕೌಂಟರಿನ ಅಂಚು ಹಿಡಿದು ನಿಂತಿದ್ದಳು. ಹಿಂದಿನ ಸಾಲಿನವರು ಬೇರೆ ಸಾಲಿಗೆ ಹೋದರು.

ಮಾರ್ಟಿನಾಳ ಚೀಲದಲ್ಲಿ ಫೋನು ಬಾರಿಸಿತು.

"ಈ ಸಹಿ ನಿಮ್ಮದಾ?" ಜುಬೈದಳ ದನಿ.

"ನನ್ನದೇ."

"ಏರ್‌ಪೋರ್ಟಿನಿಂದ ಕೇಳುತ್ತಿದ್ದಾರೆ. ಮಾದರಿಗೆ ಹೋಲಿಸಿದೆ, ಸರಿಯಿದೆ. ಹೇಳುತ್ತೇನೆ."

ಪೊಲೀಸ್ ಫೋನು ಇಟ್ಟ. ಮೊಹರು ಬಿದ್ದದ್ದು ಗಾಜಿನ ಈಚೆಗೆ ಕೇಳಿಸಲಿಲ್ಲ, ಅವನ ಕೈ ಇಳಿದದ್ದು ಮಾತ್ರ ಕಂಡಿತು. ಲೂರ್ದ್ ಹಿಂದಿರುಗಿ ನೋಡದೆ ಬೇಗ ಬೇಗ ನಡೆದಳು. ಕಂಬದ ಹಿಂದೆ ಮರೆಯಾಗುವ ತನಕ ಮಾರ್ಟಿನಾ ನೋಡಿದಳು, ಆಮೇಲೂ ಅಲ್ಲೇ ನಿಂತಿದ್ದಳು.

"ಹೋಗುವಾ, ಬಾಯಮ್ಮ," ಎಂದ ಜಯಪಾಲ. "ಪಾರ್ಕಿಂಗ್ ಟೈಮ್ ಆಯ್ತು."

ಏಪ್ರಿಲ್ ಒಂದು ಬಂತು, ಹೋಯಿತು. ಆಸ್ಪತ್ರೆಯವರು ಹದಿನೈದು ದಿನ ಕಾದು ಬೇರೊಬ್ಬರನ್ನು ತೆಗೆದುಕೊಂಡರು. ಸಮುದ್ರ ಕಾಣುವ ಕ್ವಾರ್ಟರ್ಸು ತಮಿಳುನಾಡಿನ ದಂಪತಿಗಳಿಗೆ ಹೋಯಿತು. ಲಿಯೋ ಮತ್ತೆ ಗುರುವಾರ ಗುರುವಾರ ಬರತೊಡಗಿದ. ಆ ವಿಷಯ ಅವನು ಎತ್ತುತ್ತಿರಲಿಲ್ಲ. ಎತ್ತದೆ ಇರುವುದೇ ಮನೆಯಲ್ಲಿ ಒಂದು ಸಾಮಾನಿನ ಹಾಗೆ ಜಾಗ ಹಿಡಿದು ಕೂತಿತ್ತು. ಎಲ್ಲರೂ ಅದನ್ನು ಬಳಸಿಕೊಂಡು ಓಡಾಡುತ್ತಿದ್ದರು.

ದ್ವೀಪದಲ್ಲಿ ಚುನಾವಣೆ ಜುಲೈಗೆಂದರು. ಮತದಾರರ ಪಟ್ಟಿ ಸರಿಯಿಲ್ಲವೆಂದು ನವೆಂಬರಿಗೆ ಹಾಕಿದರು. ನವೆಂಬರಿನಲ್ಲಿ ಚಂಡಮಾರುತ ಬಂತು. ಹಂಗಾಮಿ ಸರಕಾರ ಹಂಗಾಮಿಯಾಗಿಯೇ ವರ್ಷ ದಾಟಿತು. ಇತ್ತ ಮಾರ್ಟಿನಾ ದಿನಾ ಎಂಟಕ್ಕೆ ಬಾಗಿಲು ತೆರೆಯುವಳು, ಮೂರಕ್ಕೆ ಮುಚ್ಚುವಳು. ದ್ವೀಪದ ಹಡಗಿನವರು, ಹೋಟೆಲಿನವರು ಬರುತ್ತಿದ್ದರು. ಹುಟ್ಟಿದ ಮಗುವಿನ ಕಾಗದ, ಸತ್ತವನೊಬ್ಬನ ದೇಹ ಕಳಿಸುವ ಕಾಗದ, ಕಳೆದುಹೋದ ಪಾಸ್‌ಪೋರ್ಟಿನ ಕಾಗದ. ಎಲ್ಲದರ ಕೆಳಗೂ ಅವಳ ಸಹಿ. ಎಲ್ಲರೂ ಊರಿಗೆ ಹೋಗುತ್ತಿದ್ದರು. ಶಿರ್ವದಲ್ಲಿ ಅವಳ ತಂಗಿಯ ಮದುವೆಗೆ ಮಾತ್ರ ಅವಳಿಗೆ ಹೋಗಲಾಗಲಿಲ್ಲ. ಉಸ್ತುವಾರಿ ಊರು ಬಿಟ್ಟರೆ ಕಚೇರಿಯೇ ಮುಚ್ಚಿದಂತೆ ಎಂದು ಫಿಡೆಲಿಸ್ ನಾಚುತ್ತ ಹೇಳಿದ. ಮದುವೆಯ ಮುನ್ನಾದಿನ ತೆಂಗಿನಹಾಲು ಹಚ್ಚುವ ರೋಸು ನೋಡಿದ್ದು, ಮದುವೆ ನೋಡಿದ್ದು, ಎಲ್ಲ ಲಿಯೋ ಕಳಿಸಿದ ವಿಡಿಯೋಗಳಲ್ಲಿ. ಅವನೂ ಜೆಸ್ಸಿಕಾಳೂ ಹೋಗಿ ಬಂದರು.

ಅವರಿಲ್ಲದ ಆ ಎಂಟು ದಿನ ಅವಳು ಸಂಜೆಯ ಹೊತ್ತು ಕಡಲಂಚಿನ ಕಾರ್ನಿಶ್ ರಸ್ತೆಯ ತನಕ ನಡೆದು ಹೋಗಿ ವಾಪಸು ಬರುತ್ತಿದ್ದಳು. ಹಾಗೆ ನಡೆಯುವಾಗ ಒಂದು ದಿನ ಅವಳಿಗೆ ಒಂದು ಮಾತು ಹೊಳೆಯಿತು. ತಾನು ಮಾಡಿದ್ದು ತಪ್ಪಲ್ಲವೆಂದು ಗೊತ್ತು. ಆದರೆ ತಪ್ಪಲ್ಲವೆಂದು ಗೊತ್ತಿರುವುದರಿಂದ ಈ ಸಂಜೆಗಳು ಚಿಕ್ಕವಾಗುವುದಿಲ್ಲ. ಯಾರ ಮೇಲಾದರೂ ಸಿಟ್ಟು ಮಾಡೋಣವೆಂದರೆ ಹೆಸರು ಹಿಡಿದು ಬೈಯಲು ಒಬ್ಬರೂ ಸಿಗುತ್ತಿರಲಿಲ್ಲ.

ಲೂರ್ದ್ ಒಂದು ಸಾಲೂ ಬರೆಯಲಿಲ್ಲ. ಜಯಪಾಲ ಆಗಾಗ ಕೇಳುತ್ತಿದ್ದ. "ಗಂಡೋ ಹೆಣ್ಣೋ ಅಂತಾದ್ರೂ ಹೇಳ್ಬಹುದಿತ್ತು ಮಾರಾಯ್ತಿ," ಎಂದು ತನ್ನಷ್ಟಕ್ಕೆ ಗೊಣಗುತ್ತಿದ್ದ. ಮಾರ್ಟಿನಾಳಿಗೆ ಅದರಲ್ಲಿ ಬೇಸರವೆನಿಸಲಿಲ್ಲ. ಆ ಊರನ್ನು, ಆ ತಿಂಗಳುಗಳನ್ನು, ತನ್ನ ಸಮೇತ ಮರೆಯುವುದೇ ಆ ಹುಡುಗಿಗೆ ಬೇಕಾಗಿರಬಹುದು ಎಂದುಕೊಂಡಳು.

ಕೊನೆಗೂ ಚುನಾವಣೆಯಾಯಿತು. ಹೊಸ ರಾಯಭಾರಿ ಬಂದದ್ದು ಮರುವರ್ಷದ ಜೂನಿನಲ್ಲಿ, ಬಿಸಿಲು ಕಾರಿನ ಹಿಡಿಕೆ ಮುಟ್ಟಲು ಬಿಡದ ದಿನಗಳಲ್ಲಿ. ಚಿಕ್ಕ ವಯಸ್ಸಿನ ಹೆಂಗಸು. ಮೂರು ದಿನ ಕೂತು ಮಾರ್ಟಿನಾ ಬರೆದಿಟ್ಟಿದ್ದ ಹದಿನೈದು ತಿಂಗಳ ರಿಜಿಸ್ಟರನ್ನು ಪುಟ ಪುಟವಾಗಿ ಓದಿದಳು.

"ಇದರಲ್ಲಿ ಒಂದೂ ತಪ್ಪಿಲ್ಲ," ಎಂದಳು. "ನೀವು ಇಲ್ಲೇ ಉಳಿಯಿರಿ. ನಿಮ್ಮ ದರ್ಜೆ ಹೆಚ್ಚಿಸಲು ನಾನು ಬರೆಯುತ್ತೇನೆ."

ಮಾರ್ಟಿನಾ ಫೈಲಿನಿಂದ ತನ್ನ ಬಿಡುಗಡೆಯ ಕಾಗದ ತೆಗೆದು ಮೇಜಿನ ಮೇಲಿಟ್ಟಳು. ತಾರೀಕು ಬದಲಿಸಿ ಹೊಸದಾಗಿ ಟೈಪು ಮಾಡಿದ್ದಳು. ಹೊಸ ರಾಯಭಾರಿ ಅದನ್ನು ಓದಿದಳು.

"ಬೇರೆ ಕೆಲಸ ಸಿಕ್ಕಿದೆಯಾ?"

"ಇಲ್ಲ."

"ಮತ್ತೆ ಯಾಕೆ ಹೋಗುತ್ತೀರಿ?"

"ಈಗ ಹೋಗದಿದ್ದರೆ ಮತ್ತೆ ಹೋಗಲಿಕ್ಕಾಗುವುದಿಲ್ಲ," ಎಂದಳು ಮಾರ್ಟಿನಾ. ಸಹಿ ಹಾಕಲು ಅರ್ಧ ನಿಮಿಷವೂ ಹಿಡಿಯಲಿಲ್ಲ.

ರುವೈಸ್‌ನಲ್ಲಿ ಲಿಯೋನೊಬ್ಬನ ಕೆಲಸಕ್ಕೆ ಕ್ವಾರ್ಟರ್ಸ್ ಸಿಗುವಂತಿರಲಿಲ್ಲ. ಮದೀನತ್ ಜಾಯೆದ್‌ನಲ್ಲಿ ಒಂದು ಬಾಡಿಗೆ ಮನೆ ಸಿಕ್ಕಿತು. ಅಲ್ಲಿಂದ ರಿಫೈನರಿಗೆ ಕಂಪನಿಯ ಬಸ್ಸಿನಲ್ಲಿ ಒಂದೂವರೆ ಗಂಟೆ. ಜೆಸ್ಸಿಕಾ ಗೆಳತಿಯರನ್ನು ಬಿಟ್ಟು ಬರುವುದಿಲ್ಲವೆಂದು ಅತ್ತಳು, ಮಾತು ಬಿಟ್ಟಳು, ಆಮೇಲೆ ಬಂದಳು. ಮಾರ್ಟಿನಾಳ ವೀಸಾ ಈಗ ಗಂಡನ ಹೆಸರಿನಡಿ. ಕೆಲಸ ಮಾಡುವಂತಿಲ್ಲವೆಂದು ಅದರ ಮೇಲೇ ಅಚ್ಚಾಗಿತ್ತು. ಊರಿನಲ್ಲಿ ಪರಿಚಯದವರಿಲ್ಲ. ಡ್ರೈವಿಂಗ್ ಬರುವುದಿಲ್ಲ. ಮನೆಯ ಎದುರು ಒಂದು ಸೂಪರ್ ಮಾರ್ಕೆಟ್, ಅದರಾಚೆ ಮಸೀದಿ, ಅದರಾಚೆ ಮರಳು ಶುರು.

ಬಂದ ಮೊದಲ ಭಾನುವಾರ ಸಂಜೆ ಆರೂವರೆಗೆ ಲಿಯೋ ಕೆಲಸದಿಂದ ಮನೆಗೆ ಬಂದ. ಸ್ನಾನ ಮಾಡಿ ಬಂದು ಸೋಫಾದ ತುದಿಯಲ್ಲಿ ಕೂತ. ಮಾರ್ಟಿನಾ ಚಹಾ ತಂದಿಟ್ಟಳು. ಹನ್ನೆರಡು ವರ್ಷದಲ್ಲಿ ಅವರು ಒಟ್ಟಿಗೆ ಕಂಡದ್ದೆಲ್ಲ ರಜೆಯ ದಿನಗಳೇ. ಆ ದಿನಗಳಲ್ಲಿ ಮೀನು ತರುವುದು, ಇಗರ್ಜಿ, ಬಟ್ಟೆ ಒಗೆಯುವುದು, ಹೇಳಿಕೊಳ್ಳಲು ಇಡೀ ವಾರದ ಸುದ್ದಿ. ಕೆಲಸದ ದಿನದ ಒಂದು ಮಾಮೂಲಿ ಸಂಜೆಯಲ್ಲಿ ಎದುರೆದುರು ಕೂತು ಏನು ಮಾತಾಡುವುದೆಂದು ಇಬ್ಬರಿಗೂ ತಿಳಿಯಲಿಲ್ಲ.

"ಬಸ್ಸಿನಲ್ಲಿ ನಿದ್ರೆ ಬಂತಾ?" ಎಂದು ಅವಳು ಕೇಳಿದಳು.

"ಬಂತು ಸ್ವಲ್ಪ." ಅವನು ಚಹಾ ಕುಡಿದ. "ನೀನು ಎಂತ ಮಾಡಿದೆ ಹಗಲಿಡೀ?"

"ಎಂತ ಇಲ್ಲ."

ಲಿಯೋ ಲೋಟ ಕೆಳಗಿಟ್ಟ. ಕಿಟಕಿಯ ಕಡೆ ನೋಡಿದ. ಅಲ್ಲಿ ಇನ್ನೂ ಪರದೆ ಹಾಕಿರಲಿಲ್ಲ, ಬೆಳಕು ನೇರ ಒಳಗೆ ಬರುತ್ತಿತ್ತು.

"ನಾಳೆ ಬೇಗ ಏಳಬೇಕು," ಎಂದ. "ಐದಕ್ಕೆ ಬಸ್ಸು. ನೀನು ಏಳುದು ಬೇಡ."

"ಏಳ್ತೇನೆ," ಎಂದಳು ಮಾರ್ಟಿನಾ. "ನನಗೆ ಬೇರೆ ಎಂತ ಕೆಲಸ ಉಂಟು?"

ಅವನು ಅವಳನ್ನು ನೋಡಿದ. ಹಾಸ್ಯಕ್ಕೆ ಹೇಳಿದ್ದೋ ಅಲ್ಲವೋ ಎಂದು ಅವನಿಗೆ ಗೊತ್ತಾಗಲಿಲ್ಲ. ಅವಳಿಗೂ ಖಚಿತವಿರಲಿಲ್ಲ. ಕೋಣೆಯೊಳಗಿಂದ ಜೆಸ್ಸಿಕಾ ಅಬುಧಾಬಿಯ ಗೆಳತಿಯೊಡನೆ ಇಂಗ್ಲಿಷಿನಲ್ಲಿ ಮಾತಾಡುತ್ತಿರುವುದು ಕೇಳಿಸುತ್ತಿತ್ತು. ಲಿಯೋ ಸೋಫಾದಲ್ಲಿ ಸ್ವಲ್ಪ ಒಳಗೆ ಸರಿದು ಕೂತ. ಮಾರ್ಟಿನಾ ಇನ್ನೊಂದು ತುದಿಯಲ್ಲಿ ಕೂತಳು.